ಕುಂಡದ ಪುಂಡಿ, ನೆಲದ ಪುಂಡಿ

ಪುಂಡಿ ಗಿಡದ ಎಲೆ ನೋಡಿದ್ದೀರಾ? ಐದು ಬೆರಳು ಬಿಡಿಸಿದ ಅಂಗೈಯ ಹಾಗಿರುತ್ತದೆ, ಅಂಚಿಗೆಲ್ಲ ಸಣ್ಣ ಗರಗಸದ ಹಲ್ಲು. ಉತ್ತರ ಕರ್ನಾಟಕದವರಿಗೆ ಅದು ಜೋಳದ ರೊಟ್ಟಿಯ ಜೊತೆ ತಿನ್ನುವ ಹುಳಿ ಪಲ್ಯ. ಗೊತ್ತಿಲ್ಲದವರಿಗೆ ದೂರದಿಂದ ಗಾಂಜಾ. ಬೆಂಗಳೂರಿನವಳಾದ ನನಗೂ ಮೊದಲು ಹಾಗೇ ಕಂಡಿತ್ತು. ಸ್ವೀಡನ್ನಿನ ಓರೆಬ್ರೂದಲ್ಲಿ ನಮ್ಮ ಕೆಳಗಿನ ಮನೆಯ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟ ಕುಂಡಗಳನ್ನು ನೋಡಿ, "ಏನಪ್ಪಾ ಸಿದ್ದಲಿಂಗ, ರಿಸರ್ಚ್ ಬಿಟ್ಟು ಹೊಸ ಬಿಸಿನೆಸ್ಸಾ?" ಎಂದು ಕೀಟಲೆ ಮಾಡಿದ್ದೆ. ಅವನು ನಗಲಿಲ್ಲ. ಆ ಮನೆಯಲ್ಲಿ ನಗು ನಿಂತುಹೋಗಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಸಿದ್ದಲಿಂಗ ಬಾಗಲಕೋಟೆ ಕಡೆಯವನು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆರೆ ಹೊಳೆಗಳ ನೀರು ಪರೀಕ್ಷೆ ಮಾಡುವ ಸಂಶೋಧಕ. ಒಳ್ಳೆಯವನು, ಆದರೆ ಬಾಯಿ ಬಿಡಿಸಬೇಕಾದರೆ ಸಾಕುಸಾಕಾಗುತ್ತದೆ. ಹೆಂಡತಿ ಲಾವಣ್ಯಾ ಅದಕ್ಕೆ ತದ್ವಿರುದ್ಧ. ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಕೆಲಸ ಮಾಡುತ್ತ ಸ್ವೀಡಿಷ್ ಭಾಷೆಯನ್ನು ಪಟಪಟನೆ ಕಲಿತಿದ್ದಳು. ಬಸ್ಸಿನಲ್ಲಿ ಪಕ್ಕ ಕೂತವರ ಮೊಮ್ಮಕ್ಕಳ ಹೆಸರು ಕೇಳಿಕೊಂಡೇ ಇಳಿಯುವವಳು. ಮಗಳು ಅವನಿ ಮೂರನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ಹುಡುಗಿ.

ಆ ಚಳಿಗಾಲ ಲಾವಣ್ಯಾಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಸಿದ್ದಲಿಂಗ ಯಾರಿಗೂ ಹೇಳಿರಲಿಲ್ಲ, ಊರಿಗೂ ಹೇಳಿರಲಿಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ, ನನ್ನ ಆ ಕೀಟಲೆಯಾದ ಮೇಲೆ, ಅವಳು ಒಂದು ದಿನ ತಲೆಗೆ ವಸ್ತ್ರ ಕಟ್ಟಿಕೊಂಡು ಸಿಕ್ಕಾಗಲೇ ನನಗೆ ತಿಳಿದದ್ದು. ನಮ್ಮ ಜನ ಕಾಯಿಲೆಯನ್ನು ಕದ್ದ ಮಾಲಿನ ಹಾಗೆ ಬಚ್ಚಿಡುತ್ತಾರೆ. ಯಾರ ಬಾಯಿಗೂ ಬೀಳಬಾರದು, ಯಾರ ಕಣ್ಣೂ ತಾಗಬಾರದು. ನನಗೆ ಅವನ ಮೇಲೆ ವಿಪರೀತ ಸಿಟ್ಟು ಬಂತು. ಮೇಲಿನ ಮನೆಯಲ್ಲಿ ನಾನಿದ್ದೂ ಒಂದು ತಿಳಿಸಾರು ಮಾಡಿಕೊಡಲಾಗಿರಲಿಲ್ಲ.

ಚಿಕಿತ್ಸೆ ಶುರುವಾದ ಮೇಲೆ ಲಾವಣ್ಯಾಗೆ ಬಾಯಿ ಕೆಟ್ಟುಹೋಗಿತ್ತು. ಅನ್ನ ತುಕ್ಕು ಹಿಡಿದ ಕಬ್ಬಿಣದಂತೆ, ಹಾಲು ಸಾಬೂನಿನಂತೆ. ತೂಕ ಹೀಗೇ ಇಳಿದರೆ ಔಷಧಿ ಮುಂದುವರಿಸುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟರು. ಏನಾದರೂ ಸರಿ, ಅವಳು ಉಣ್ಣಬೇಕಿತ್ತು. ಗಂಡ ಮಾಡಿದ ಸಾರನ್ನೂ ಪಕ್ಕಕ್ಕೆ ಸರಿಸಿ ಅವಳು ಒಂದು ದಿನ ಅಂದಳಂತೆ: "ಬ್ಯಾಸರಾ ಮಾಡ್ಕೋಬ್ಯಾಡ್ರಿ. ಪುಂಡಿಪಲ್ಯಾ ಇದ್ದಿದ್ರ ಒಂದ್ ರೊಟ್ಟಿ ತಿಂತಿದ್ದೆ ಅನಸ್ತೈತಿ."

ಪುಂಡಿ ಬೀಜ ಅವಳ ಹತ್ತಿರವೇ ಇತ್ತು, ತವರಿನಿಂದ ತಂದ ಹಳೆಯ ಡಬ್ಬಿಯಲ್ಲಿ. ಸಿದ್ದಲಿಂಗ ಅಷ್ಟನ್ನೂ ಬಿತ್ತಿದ. ಮೊದಲು ಮೊಸರಿನ ಡಬ್ಬಿಗಳಲ್ಲಿ, ಕಿಟಕಿಯ ಬಳಿ. ಹೊರಗೆ ಚಳಿ ಮುರಿದ ಮೇಲೆ ಬಾಲ್ಕನಿಯ ಕುಂಡಗಳಲ್ಲಿ. ರಾತ್ರಿ ಥಂಡಿ ಎನಿಸಿದರೆ ಒಂದೊಂದೇ ಕುಂಡವನ್ನು ಮಗು ಎತ್ತಿದ ಹಾಗೆ ಎತ್ತಿ ಒಳಗಿಡುತ್ತಿದ್ದ. ಮೊದಲ ಕೊಯ್ಲು ಒಂದೇ ಹಿಡಿ ಸೊಪ್ಪು. ಜೋಳದ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ತಂದಿಟ್ಟರೆ ಲಾವಣ್ಯಾ ಅರ್ಧ ರೊಟ್ಟಿ ತಿಂದು ಬೆರಳು ನೆಕ್ಕಿದಳು. ಸಿದ್ದಲಿಂಗ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತ. ಗೋಡೆ ತೆಳ್ಳಗಿತ್ತು, ಲಾವಣ್ಯಾಗೂ ಅವಳ ಪಕ್ಕ ಕೂತಿದ್ದ ನನಗೂ ಕೇಳಿಸಿತು.

ಆದರೆ ಕುಂಡದ ಗಿಡ ಗೇಣುದ್ದ ಬೆಳೆದು ನಿಂತುಬಿಟ್ಟಿತು. ಕಿತ್ತಷ್ಟು ಎಲೆ ಮತ್ತೆ ಬರಲಿಲ್ಲ, ಬಂದವೂ ಹಳದಿ. ಲಾವಣ್ಯಾ ಮಂಚದಿಂದಲೇ ನೋಡಿ ಹೇಳಿದಳು: "ಕುಂಡದಾಗ ಬೇರು ಗಿರಗಿರ ಸುತ್ತಾಕತ್ತಾವ್ರೀ. ಅದು ನೆಲದ ಗಿಡ, ನೆಲಕ್ಕ ಹಚ್ಚ್ರಿ." ಅವಳು ಹೊಲದಲ್ಲಿ ಆಡಿ ಬೆಳೆದವಳು. ಊರಂಚಿನಲ್ಲಿ ಸಂಘದವರು ಬಾಡಿಗೆಗೆ ಕೊಡುವ ಕೈತೋಟಗಳಿದ್ದವು. ಅಲ್ಲಿ ಇವರದೂ ಒಂದು ತುಂಡು ಜಾಗವಿತ್ತು. ಜೂನ್‌ನಲ್ಲಿ ಸಿದ್ದಲಿಂಗ ಎಲ್ಲ ಗಿಡಗಳನ್ನೂ ಅಲ್ಲಿ ಮರದ ಶೆಡ್ಡಿನ ಬಿಸಿಲು ಮಗ್ಗುಲಿಗೆ ನೆಟ್ಟ. ಬಾಲ್ಕನಿ ಖಾಲಿಯಾಯಿತು.

ಇಲ್ಲಿನ ಬೇಸಿಗೆಯಲ್ಲಿ ಬೆಳಕು ಮುಗಿಯುವುದೇ ಇಲ್ಲ. ಪುಂಡಿ ಹೂ ಬಿಡುವ ಗೋಜಿಗೇ ಹೋಗದೆ ಎಲೆ ಎಲೆ ಎಲೆಯಾಗಿ ಸೊಂಟದೆತ್ತರ ಬೆಳೆಯಿತು. ವಾರಕ್ಕೆರಡು ಸಲ ಚೀಲ ತುಂಬ ಸೊಪ್ಪು. ಲಾವಣ್ಯಾ ಒಂದು ರೊಟ್ಟಿ ತಿಂದಳು, ಇನ್ನೊಂದು ದಿನ ಒಂದೂವರೆ. ಔಷಧಿ ಮುಂದುವರಿಯಿತು. ಜುಲೈನಲ್ಲಿ ಒಮ್ಮೆ ತಾನೇ ತೋಟಕ್ಕೆ ಹೋಗಿ, ಸಿದ್ದಲಿಂಗ ನೀರು ತರುವಷ್ಟು ಹೊತ್ತು ಪಕ್ಕದ ತೋಟದ ಮುದುಕಿ ಗುನಿಲ್ಲಾಳ ಬೆಂಚಿನಲ್ಲಿ ಕೂತು ಹರಟೆ ಹೊಡೆದು ಬಂದಳು.

ಆಗಲೇ ಸಿದ್ದಲಿಂಗನಿಗೆ ದೃಷ್ಟಿಯ ಭಯ ಹತ್ತಿಕೊಂಡಿತು. ದಿನವೂ ಯಂತ್ರದ ಮುಂದೆ ಕೂತು ನೀರು ಪರೀಕ್ಷಿಸುವ ಮನುಷ್ಯ, ಹೆಂಡತಿಯ ಹಳೆಯ ಇಳಕಲ್ ಸೀರೆ ತಂದು ಕೋಲು ನೆಟ್ಟು ಪುಂಡಿ ಮಡಿಯ ಸುತ್ತ ಪರದೆ ಕಟ್ಟಿದ. ಇಷ್ಟು ಚೆನ್ನಾಗಿ ಬಂದ ಬೆಳೆಗೆ ನಾಲ್ಕು ಜನರ ಕಣ್ಣು ಬೀಳಬಾರದು ಎಂಬುದೊಂದೇ ಅವನ ತಲೆಯಲ್ಲಿ. ಆದರೆ ಅಲ್ಲಿ ಯಾರ ತೋಟಕ್ಕೂ ಮರೆಯೆಂಬುದಿಲ್ಲ. ಒಬ್ಬರ ಟೊಮ್ಯಾಟೊ ಇನ್ನೊಬ್ಬರು ಎಣಿಸುವ ಜಾಗ ಅದು. ಅಂಥಲ್ಲಿ ಬಣ್ಣದ ಪರದೆ, ಮೇಲೆ ಇಣುಕುವ ಐದು ಬೆರಳಿನ ಎಲೆ, ಏನು ಗಿಡ ಎಂದರೆ "ಬರೀ ಸೊಪ್ಪು" ಎಂದು ತಲೆ ತಗ್ಗಿಸಿ ಹೋಗುವ ಗಂಡಸು. ಜನ ಏನೆಂದುಕೊಳ್ಳಬೇಕು, ನೀವೇ ಹೇಳಿ.

ಆಗಸ್ಟ್ ಕೊನೆಯಲ್ಲಿ ಗುನಿಲ್ಲಾ ಗೇಟಿನ ಬಳಿ ಅವನನ್ನು ನಿಲ್ಲಿಸಿದಳು. "ನಿಮ್ಮ ಗಿಡಗಳ ಬಗ್ಗೆ ಜನ ಮಾತಾಡುತ್ತಿದ್ದಾರೆ. ಪೊಲೀಸರಿಗೆ ಹೇಳಬೇಕು ಅಂತಲೂ ಒಬ್ಬರು ಅಂದರು. ಶನಿವಾರ ಸಂಘದವರೆಲ್ಲ ಸೇರುವ ಫಿಕಾ ಇದೆ. ಬನ್ನಿ, ಕಾಫಿ ಕುಡಿದು, ಅದೇನು ಗಿಡ ಅಂತ ಒಂದು ಮಾತು ಹೇಳಿ."

ಅವನ ಕಿವಿಗೆ ಬಿದ್ದದ್ದು ಪೊಲೀಸ್ ಎಂಬ ಒಂದೇ ಪದ. ಅವರು ಇಲ್ಲಿ ವಾಸಿಸುವ ಪರ್ಮಿಟ್‌ನ ನವೀಕರಣದ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಹೆಸರಿಗೆ ಒಂದು ಕಪ್ಪು ಚುಕ್ಕೆ ಬಿದ್ದರೆ ಪರ್ಮಿಟ್ ಹೋಯಿತು. ಪರ್ಮಿಟ್ ಹೋದರೆ ಆಸ್ಪತ್ರೆ ಹೋಯಿತು, ಲಾವಣ್ಯಾಳ ಚಿಕಿತ್ಸೆ ಹೋಯಿತು. ಅವನ ಲೆಕ್ಕ ಅಷ್ಟೇ. ಶನಿವಾರದವರೆಗೆ ಕಾಯುವ ಧೈರ್ಯ ಅವನಿಗಾಗಲಿಲ್ಲ. ಅಂದೇ ಸಂಜೆ ಎಲ್ಲ ಗಿಡಗಳನ್ನೂ ಬೇರು ಸಹಿತ ಕಿತ್ತು, ಕತ್ತರಿಸಿ, ತೋಟದ ಪಕ್ಕದ ತ್ಯಾಜ್ಯ ಹಾಕುವ ಕೇಂದ್ರದಲ್ಲಿ ಸುರಿದುಬಂದ. ಒಂದು ಹಿಡಿ ಎಲೆಯನ್ನೂ ಇಟ್ಟುಕೊಳ್ಳಲಿಲ್ಲ. ಬಸ್ಸಿನಲ್ಲಿ ಯಾರಾದರೂ ಚೀಲ ನೋಡಿದರೆ ಎಂಬ ಭಯ.

ಮನೆಗೆ ಬಂದು ಹೆಂಡತಿಗೆ, "ಜಿಂಕಿ ಹೊಕ್ಕು ಎಲ್ಲಾ ತಿಂದು ಹೋಗ್ಯಾವ," ಅಂದ. ಇಲ್ಲಿ ಜಿಂಕೆಗಳು ತೋಟಕ್ಕೆ ನುಗ್ಗುವುದು ಸುಳ್ಳಲ್ಲ. ಲಾವಣ್ಯಾ ಮಣ್ಣು, ಹಸಿರು ಮೆತ್ತಿದ ಅವನ ಕೈ ನೋಡಿದಳಂತೆ. ಆಮೇಲೆ, "ಹೋಗ್ಲಿ ಬಿಡ್ರಿ. ಬೇರು ಉಳದಿದ್ರ ಮತ್ತ ಚಿಗೀತಾವ," ಅಂದಳಂತೆ. ಅವನು ಕೈ ತೊಳೆಯಲು ಎದ್ದುಹೋದ.

ಅಲ್ಲಿಂದಾಚೆಗೆ ಅವಳ ಊಟ ಮತ್ತೆ ನಿಂತಿತು. ನಾನು ಹುಣಸೆ ಗೊಜ್ಜು ಮಾಡಿಕೊಟ್ಟೆ, ನಿಂಬೆಹಣ್ಣಿನ ಸಾರು ಮಾಡಿಕೊಟ್ಟೆ. ನನ್ನ ಮನಸ್ಸು ನೋಯಬಾರದೆಂದು ಒಂದು ಚಮಚ ತೆಗೆದುಕೊಳ್ಳುತ್ತಿದ್ದಳು. ಸೆಪ್ಟೆಂಬರ್‌ನಲ್ಲಿ ಔಷಧಿ ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಹೋಗಿಬಿಟ್ಟಳು. ಪುಂಡಿ ಇದ್ದಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ, ಡಾಕ್ಟರೂ ಹೇಳಲಿಲ್ಲ. ಆದರೆ ಕೊನೆಯ ದಿನಗಳಲ್ಲಿ ಹಸಿದಿದ್ದಳು. ಅದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ತಿಂಗಳ ಎಡೆ ಇಡುವ ದಿನ ಅಡುಗೆಗೆ ನಾನು ಕೆಳಗೆ ಹೋಗಿದ್ದೆ. ಬಾಗಿಲು ಬಡಿದ ಸದ್ದಾಯಿತು. ಗುನಿಲ್ಲಾ ನಿಂತಿದ್ದಳು. ಕೋಟಿನೊಳಗೆ ಚಳಿ ತಾಗದಂತೆ ಅವುಚಿಕೊಂಡದ್ದು ಒಂದು ಕುಂಡ, ಅದರಲ್ಲೊಂದು ಗೇಣುದ್ದದ ಪುಂಡಿ ಗಿಡ.

"ಜುಲೈನಲ್ಲಿ ಇದನ್ನು ಲಾವಣ್ಯಾ ನಿಮ್ಮ ಮಡಿಯಿಂದ ಕಿತ್ತುಕೊಟ್ಟಿದ್ದು," ಎಂದಳು. "ತನ್ನ ಕಾಯಿಲೆ, ಈ ಸೊಪ್ಪು, ನೀವು ಬೆಳೆಸುತ್ತಿರುವುದು, ಎಲ್ಲಾ ಹೇಳಿದ್ದಳು. ಶನಿವಾರ ನೀವು ಬಂದಿದ್ದರೆ ನಾನೇ ಎದ್ದು ಹೇಳುವವಳಿದ್ದೆ. ನೀವು ಬರಲಿಲ್ಲ, ಆದರೂ ಹೇಳಿದೆ. ಎಲ್ಲರೂ ಸುಮ್ಮನಾದರು. ಪೊಲೀಸರಿಗೆ ಯಾರೂ ಹೇಳಲಿಲ್ಲ."

ಸಿದ್ದಲಿಂಗ ಕುಂಡವನ್ನೇ ನೋಡುತ್ತಿದ್ದ.

"ನಿಮ್ಮ ಮಡಿ ಖಾಲಿಯಾದದ್ದು ನೋಡಿ ಅವಳಿಗೆ ಫೋನ್ ಮಾಡಿ, ಗೇಟಿನ ಬಳಿ ನಿಮಗೆ ಹೇಳಿದ್ದನ್ನೂ ತಿಳಿಸಿದೆ. ಇದರ ಎಲೆ ತಂದುಕೊಡಲಾ ಅಂತ ಕೇಳಿದೆ. ಬೇಡ ಅಂದಳು. 'ಈ ಎಲೆ ನನ್ನ ತಟ್ಟೆಯಲ್ಲಿ ಕಂಡರೆ, ನನಗೆ ಎಲ್ಲಾ ಗೊತ್ತು ಅಂತ ಅವರಿಗೆ ತಿಳಿದುಹೋಗುತ್ತೆ' ಅಂದಳು. ನನಗೆ ಅದು ಅರ್ಥವಾಗಲಿಲ್ಲ."

ಅರ್ಥವಾಗಬೇಕಾದವನಿಗೆ ಅರ್ಥವಾಯಿತು. ಅವನು ಬಾಗಿಲಲ್ಲೇ ಚಪ್ಪಲಿಗಳ ನಡುವೆ ಕೂತುಬಿಟ್ಟ. ಗುನಿಲ್ಲಾಳನ್ನು ಒಳಗೆ ಕರೆದು ಕೂರಿಸಿದವಳು ನಾನು. ತೋಟದಲ್ಲಿ ಆ ಸಂಜೆ ಏನು ಮಾಡಿದೆನೆಂದು ಅವನು ಬಾಯಿ ಬಿಟ್ಟದ್ದು ಆಗಲೇ. "ಹೆದರ್ಬಿಟ್ಟೆ ಅಕ್ಕಾ," ಎಂದು ಮತ್ತೆ ಮತ್ತೆ ಅದನ್ನೇ ಅಂದ. ಬಯ್ಯಬೇಕೆಂದು ನನ್ನ ನಾಲಿಗೆಯ ತುದಿಯವರೆಗೆ ಬಂದದ್ದು ಅವನ ಮುಖ ನೋಡಿ ಹಾಗೇ ಇಂಗಿತು.

ಕುಂಡದ ಗಿಡದಲ್ಲಿ ಸಿಕ್ಕಿದ್ದು ಒಂದು ಹಿಡಿ ಎಲೆ. ಅವನೇ ಬಿಡಿಸಿದ, ಅವನೇ ಬೇಯಿಸಿದ. ಲಾವಣ್ಯಾಳ ಫೋಟೋದ ಮುಂದೆ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ ಎಡೆ ಇಟ್ಟೆವು. ಅವನಿ ತಟ್ಟೆಯನ್ನೂ ಕುಂಡವನ್ನೂ ನೋಡಿ ಸ್ವೀಡಿಷ್‌ನಲ್ಲಿ ಕೇಳಿದಳು, ಇದೊಂದನ್ನು ಮಾತ್ರ ಜಿಂಕೆ ಯಾಕೆ ತಿನ್ನಲಿಲ್ಲ ಎಂದು.

ಸಿದ್ದಲಿಂಗ ಮಗಳನ್ನು ಹತ್ತಿರ ಕೂರಿಸಿಕೊಂಡ.

"ಜಿಂಕಿ ತಿಂದಿಲ್ಲವ್ವಾ," ಎಂದ. "ನಾನೇ ಕಿತ್ತೆ. ನಿಮ್ಮವ್ವಗ ಗೊತ್ತಿತ್ತು."