ಟೆಲೆಕ್ಸ್ ಮಾಮ ಮುಟ್ಟಿಸಿದ ಸುದ್ದಿ

ಟೆಲೆಕ್ಸ್ ಮಾಮನ ಬಲಗೈಯ ಕಿರುಬೆರಳು ಸದಾ ನೆಟ್ಟಗೆ ನಿಂತಿರುತ್ತಿತ್ತು. ಸುಲೈಮಾನಿ ಚಹಾ ಕುಡಿಯುವಾಗಲೂ, ಪರೋಟ ಹರಿಯುವಾಗಲೂ ಅದು ಉಳಿದ ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ವರ್ಷಗಟ್ಟಲೆ, ತಂತಿಯಲ್ಲಿ ದೂರದೂರಿಗೆ ಸುದ್ದಿ ಕಳಿಸುವ ಟೆಲೆಕ್ಸ್ ಯಂತ್ರದ ಕೀಲಿ ಕುಟ್ಟಿದ ಫಲ ಅದು ಎಂದು ಅವರೇ ಹೇಳುತ್ತಿದ್ದರು.

ಗಲ್ಫಿನ ರೂವಿಯ ಟ್ರೇಡಿಂಗ್ ಕಂಪನಿಯೊಂದಕ್ಕೆ ನಾನು ಪ್ರೋಗ್ರಾಮರ್ ಆಗಿ ಸೇರಿದಾಗ ಆ ಯಂತ್ರ ಬಾಯಿ ಮುಚ್ಚಿ ಆಗಿತ್ತು. ಉಡುಪಿ ಕಡೆಯ ಮಾಮನಿಗೆ ಉಳಿದಿದ್ದುದು ಎರಡೇ ಕೆಲಸ: ನೌಕರರ ವೀಸಾ ಮುಗಿಯುವ ತಾರೀಕುಗಳ ರಿಜಿಸ್ಟರ್ ಬರೆಯುವುದು, ಟೆಲೆಕ್ಸ್ ಕೋಣೆಗೆ ಹೊಸದಾಗಿ ಬಂದ ಇಂಟರ್‌ನೆಟ್ ಕಂಪ್ಯೂಟರನ್ನು ಕಾಯುವುದು. ಕಾಯುತ್ತ ಕೂತವರು ಸುಮ್ಮನಿರಲಿಲ್ಲ. ದೇಶವಿದೇಶದ ಪ್ರೋಗ್ರಾಮರುಗಳು ಸುದ್ದಿ ಹಂಚಿಕೊಳ್ಳುವ ಒಂದು ಗುಂಪನ್ನು ಪತ್ತೆ ಮಾಡಿದರು. ದಿನಾ ಬೆಳಿಗ್ಗೆ ಅಲ್ಲಿ ಬಂದದ್ದನ್ನು ಪ್ರಿಂಟ್ ತೆಗೆದು, ಸ್ಪೆಲ್ಲಿಂಗ್ ತಪ್ಪುಗಳಿಗೆ ಕೆಂಪು ಗೀಟು ಹಾಕಿ ನನ್ನ ಮೇಜಿನ ಮೇಲಿಡುತ್ತಿದ್ದರು. "ಅಮೇರಿಕದವರಿಗೆ ಇಂಗ್ಲಿಷ್ ಬರುದಿಲ್ಲ ಮಾರಾಯ್ತಿ" ಎಂಬುದು ಅವರ ನಿತ್ಯದ ವರದಿ.

ಒಮ್ಮೆ ತಾವೂ ಆ ಗುಂಪಿಗೆ ಬರೆದರು. ಟೆಲೆಕ್ಸಿನಲ್ಲಿ ಸಣ್ಣಕ್ಷರವೇ ಇರಲಿಲ್ಲವಲ್ಲ, ಇಡೀ ಪತ್ರ ದೊಡ್ಡಕ್ಷರದಲ್ಲೇ ಇತ್ತು. ಆ ಗುಂಪಿನಲ್ಲಿ ದೊಡ್ಡಕ್ಷರವೆಂದರೆ ಕಿರುಚಿದ ಲೆಕ್ಕ; ಕಿರುಚಬೇಡಿ ಎಂದು ಮೂರು ಜನ ಗದರಿ ಉತ್ತರ ಬರೆದರು. ಮಾಮ ಕಂಗಾಲು.

"ನಾನು ಬೊಬ್ಬೆ ಹೊಡೆದದ್ದಾ? ನನ್ನ ಸ್ವರ ನಮ್ಮ ಮನೆಯವಳಿಗೇ ಕೇಳುದಿಲ್ಲ!"

ನಕ್ಕು ನಕ್ಕು ನನಗೆ ಸಾಕಾಯಿತು. ಪಾಪ, ಅವರು ಮತ್ತೆ ಅಲ್ಲಿ ಬರೆಯಲಿಲ್ಲ. ಓದುವುದನ್ನು ಮಾತ್ರ ಬಿಡಲಿಲ್ಲ.

ತೊಂಬತ್ತೆಂಟರಲ್ಲಿ ವೀಸಾ ರಿಜಿಸ್ಟರನ್ನು ಕಂಪ್ಯೂಟರಿಗೆ ಹಾಕುವಂತೆ ಕಂಪನಿಯ ಮಾಲೀಕರಾದ ಅರಬಾಬರು ನನಗೆ ಹೇಳಿದರು. ನನ್ನ ಪ್ರೋಗ್ರಾಂ ಗೆದ್ದರೆ ಮಾಮನ ಕೆಲಸ ಹೋಗುತ್ತದೆಂದು ಇಡೀ ಆಫೀಸಿಗೆ ಗೊತ್ತಿತ್ತು. ಮಗಳ ಓದು ಮುಗಿಯಲು ಅವರಿಗೆ ಇನ್ನೆರಡು ವರ್ಷ ಬೇಕಿತ್ತು. ಆದರೂ ರಿಜಿಸ್ಟರಿನ ಒಂದೊಂದು ಸಾಲನ್ನೂ ತಾವೇ ಓದಿ ಹೇಳಿ ನನ್ನಿಂದ ಹಾಕಿಸಿದರು.

ಶನಿವಾರ ಅರಬಾಬರಿಗೆ ತೋರಿಸುವುದೆಂದಾಗಿತ್ತು. ಗುರುವಾರ ಮಧ್ಯಾಹ್ನ ಮಾಮ ಒಂದು ಹಾಳೆ ಹಿಡಿದು ಬಂದರು.

"ನಿನ್ನದರಲ್ಲಿ ಇಸವಿಗೆ ಎಷ್ಟು ಅಂಕೆ?"

"ಎರಡು."

"ಹಾಗಾದ್ರೆ ಕೆಟ್ಟಿತು. ಇದನ್ನು ಓದು."

ಎರಡೇ ಅಂಕೆ ಇಟ್ಟರೆ ಎರಡು ಸಾವಿರದ ಇಸವಿಯನ್ನು ಕಂಪ್ಯೂಟರು ಸಾವಿರದ ಒಂಬೈನೂರು ಎಂದುಕೊಳ್ಳುತ್ತದೆ ಎಂದು ಗುಂಪಿನಲ್ಲಿ ಯಾರೋ ಬರೆದಿದ್ದರು. ಆ ಮಾತು ನಾನೂ ಕೇಳಿದ್ದೆ. ಬ್ಯಾಂಕಿನವರ, ವಿಮಾನದವರ ತಲೆನೋವು ಎಂದು ಉದಾಸೀನ ಮಾಡಿದ್ದೆ. ಆದರೆ ಆ ವರ್ಷ ಹೊಸದು ಮಾಡಿಸಿದ ನಮ್ಮ ವೀಸಾಗಳೆಲ್ಲ ಮುಗಿಯುವುದೇ ಎರಡು ಸಾವಿರದಲ್ಲಿ. ಅಷ್ಟೂ ಜನರನ್ನು ನನ್ನ ಪ್ರೋಗ್ರಾಂ ಗಡುವು ಮೀರಿದವರ ಪಟ್ಟಿಗೆ ಸೇರಿಸುತ್ತಿತ್ತು.

"ಮಾಮ, ನೀವು ಸುಮ್ಮನಿದ್ದಿದ್ರೆ ನಿಮ್ಮ ಕೆಲಸ ಉಳೀತಿತ್ತು" ಎಂದೆ.

"ಬಂದ ಸುದ್ದಿ ಮುಟ್ಟಿಸದೆ ಕಿಸೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಉಂಟಾ? ಯಲ್ಲಾ, ಬೇಗ ಸರಿ ಮಾಡು."

ಶುಕ್ರವಾರದ ರಜೆ ಬಿಟ್ಟು ಸರಿ ಮಾಡಿದೆ. ಶನಿವಾರ ಅರಬಾಬರು ನೋಡಿ "ಖಲಾಸ್!" ಎಂದರು. ಕೆಲಸ ಮುಗಿಯಿತು, ಶಹಬ್ಬಾಸ್ ಎಂಬ ಅರ್ಥದಲ್ಲಿ. ಊರ ಕಡೆ ಆ ಮಾತಿಗೆ ಇನ್ನೊಂದು ಅರ್ಥವಿದೆ. ಮಾಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಎರಡು ತಿಂಗಳಲ್ಲಿ ಅವರು ಊರಿಗೆ ಹೊರಟರು. ಈಗ ಅವರು ತೀರಿಕೊಂಡೇ ಬಹಳ ಕಾಲವಾಯಿತು. ಆ ಶನಿವಾರದಿಂದೀಚೆಗೆ ನಾನು ಉಂಡ ಅನ್ನದಲ್ಲೆಲ್ಲ ಆ ಒಂದು ಹಾಳೆಯ ಋಣವಿದೆ. ನನ್ನ ಪ್ರೋಗ್ರಾಂನಲ್ಲಿ ವೀಸಾ ರದ್ದಾದ ಮೊದಲ ಹೆಸರು ಅವರದು. ಅವರು ಹೊರಡುವ ಮುಂಚೆ ಅದನ್ನು ಹಾಕಬೇಕಾದವಳು ನಾನು, ಕೈ ಏಳಲಿಲ್ಲ. ಮಾಮ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ಕೊಡು, ನಾನೇ ಹಾಕ್ತೇನೆ" ಎಂದು, ತಾವು ಹೋಗುವ ತಾರೀಕನ್ನು ತಾವೇ ಒತ್ತಿದರು.