ಕಾದಂಬರಿಯ ಕೊನೆಯ ಅರ್ಧ ಪುಟ

ನಾನು ಬರೆದದ್ದು ಒಂದೇ ಕಾದಂಬರಿ. ಅದರ ಕೊನೆಯ ಅರ್ಧ ಪುಟ ನನ್ನದಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ವರ್ಷಗಳು. ಬ್ಯಾಡಗಿಯ ಮನೆಯಿಂದ ದಿನಾ ಹಾವೇರಿಗೆ ಹೋಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನೀತಿ ಹೇಳುವ ಪುಸ್ತಕಗಳನ್ನು ಓದಿಸಿ ಓದಿಸಿ ಸಾಕಾಗಿ, ಆ ವಯಸ್ಸಿನವರಿಗೆಂದೇ ಒಂದು ದೆವ್ವದ ಕಥೆ ಬರೆದೆ. ಹದಿನಾಲ್ಕರ ಹುಡುಗಿಯೊಬ್ಬಳು ಸಾಯುತ್ತಾಳೆ, ಆದರೆ ಹೋಗಲು ಒಪ್ಪದೆ ಮೆಣಸಿನಕಾಯಿ ಚೀಲಗಳ ಮೇಲೆ ಕೂತುಬಿಡುತ್ತಾಳೆ. ಯಮದೂತರು ಘಾಟಿಗೆ ಸೀನಿ ಸೀನಿ ಹತ್ತಿರ ಬರಲಾರರು. ತನ್ನ ತಿಥಿಯ ಸಾರಿಗೆ ಉಪ್ಪು ಸಾಲದೆಂದು ಜಗಳ ತೆಗೆಯುತ್ತಾಳೆ. ಕೊನೆಗೆ ದೂತರ ಊದಿದ ಮೂಗು ನೋಡಲಾರದೆ, ಬೈಯುತ್ತಲೇ ತಾನಾಗಿ ಕೋಣ ಹತ್ತುತ್ತಾಳೆ.

ಆ ಹುಡುಗಿ ನನ್ನ ತಂಗಿ. ಅದೇ ವಯಸ್ಸಿನಲ್ಲಿ ಜ್ವರ ಬಂದು ಸತ್ತಳು. ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡುತ್ತಿರಲಿಲ್ಲ. ಹೆಸರೆತ್ತಿದರೆ ಸಾಕು, ಅವ್ವ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಒಂದು ಕಡೆಯಾದರೂ ಅವಳು ಸತ್ತಳೆಂದು ನೆಟ್ಟಗೆ ಬರೆಯಬೇಕಿತ್ತು ನನಗೆ, ನಗಿಸುತ್ತಲೇ ಆದರೂ.

ರಾಣೆಬೆನ್ನೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿಗೆ ಕೊಟ್ಟೆ. ಮಾಲೀಕರು ಹಲಗೇರಿಯವರು, ಊರಿನ ದೊಡ್ಡಾಟಕ್ಕೆ ಭಾಗವತರು, ಆಟ ಮುಗಿದಾಗ ಎಲ್ಲರಿಗೂ ಒಳ್ಳೆಯದಾಗಲೆಂದು ಮಂಗಳ ಹಾಡುವವರು. ಕರಡು ತಿದ್ದಲು ಮೂರು ಸಲ ಬಸ್ಸು ಹತ್ತಿದೆ. ಒತ್ತು, ದೀರ್ಘ ಎಲ್ಲ ಸರಿಮಾಡಿ ಬಂದೆ. ಪುಸ್ತಕದ ಕಟ್ಟು ಕೈಗೆ ಬಂದ ದಿನ ಪ್ರೆಸ್ಸಿನಲ್ಲೇ ಕೊನೆಯ ಪುಟ ತೆರೆದರೆ, ನನ್ನ ಹುಡುಗಿ ಕೋಣದಿಂದ ಜಿಗಿದು, ಜೀವಂತವಾಗಿ ಮನೆಗೆ ಬಂದಿದ್ದಾಳೆ! ತಾಯಿ ಹೋಳಿಗೆ ಬಡಿಸಿದ್ದಾಳೆ. ಊರಲ್ಲಿ ಮಳೆ ಬೆಳೆ ಚೆನ್ನಾಗಿದೆ.

“ಇದನ್ನ ಯಾರ್ ಬರದಾರ್ರಿ?”

“ನಾನ ರೀ ಅಕ್ಕಾರ,” ಎಂದರು ಹೆಮ್ಮೆಯಿಂದ. “ಮಂಗಳ ಹಾಡಲಾರದ ಆಟ ಮುಗಸಬಾರದ್ರಿ. ಓದೋರು ಸಣ್ಣ ಹುಡುಗ್ರು ಬ್ಯಾರೆ. ಅರ್ಧ ಪುಟ ಹೆಂಗೂ ಖಾಲಿ ಇತ್ತಲ್ರಿ.”

“ಇದು ಆಟ ಅಲ್ರಿ, ಕಾದಂಬರಿ!”

“ಎಲ್ಲಾ ಒಂದ ಬಿಡ್ರಿ. ಛಾ ತರಸ್ಲೇನು?”

ತಲೆ ಚಚ್ಚಿಕೊಳ್ಳಬೇಕೆನಿಸಿತು. ಆ ಮನುಷ್ಯನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಛಾ ಕುಡಿದು ಬಂದೆ.

ಮನೆಯಲ್ಲಿ ಕಟ್ಟನ್ನು ಮೂಲೆಗೆ ಒಗೆದೆ. ಎರಡು ದಿನ ಬಿಟ್ಟು ಶಾಲೆಯಿಂದ ಬಂದು ನೋಡಿದರೆ, ಅವ್ವ ಕನ್ನಡಕ ಹಾಕಿಕೊಂಡು ಕೊನೆಯ ಪುಟದಲ್ಲಿದ್ದಳು. ಸುಖದ ಮುಕ್ತಾಯ, ಅವಳಿಗಾದರೂ ಸಮಾಧಾನ ಕೊಟ್ಟಿರಬಹುದು, ಇರಲಿ ಬಿಡು ಎಂದುಕೊಂಡೆ.

“ಏನಿದು?” ಅವ್ವ ಸಿಡಿದಳು. “ಆಕಿ ಎಂದಾದ್ರೂ ಹೋಳಿಗಿ ತಿಂದಾಳೇನು? ಸಿಹಿ ಕಂಡ್ರ ತಾಟು ಸರಿಸಿ ಏಳತಿದ್ದಳು. ಅಷ್ಟೂ ಗೊತ್ತಿಲ್ಲೇನು ನಿನಗ?”

ಪ್ರೆಸ್ಸಿನವರ ಪ್ರತಾಪ ಹೇಳಿದೆ. ಅವ್ವ ನನ್ನ ಶಾಲೆಯ ಚೀಲದಿಂದ ಪೆನ್ನು ಕಿತ್ತುಕೊಂಡು ಆ ಅರ್ಧ ಪುಟಕ್ಕೆ ಅಡ್ಡಗೆರೆ ಎಳೆದಳು.

“ಸತ್ತಾಳ ಆಕಿ,” ಎಂದಳು. “ನನ್ನ ತೊಡಿ ಮ್ಯಾಲೆ ಸತ್ತಾಳ. ಹಂಗ ಇರಬೇಕು.”

ಆಮೇಲೆ ಮುಂದಿನ ಪ್ರತಿಗೆ ಕೈ ಚಾಚಿದಳು.