ಎಂಬತ್ತನೆಯ ಮನೆಯ ಚುಕ್ಕಿ

ಬೆಳಗಿನ ನಾಲ್ಕೂವರೆ. ಇಂಡೊನೇಷ್ಯಾದ ಸೆಮಾರಾಂಗ್ ನಗರದ ಹಳೆಯ ಆಸ್ಪತ್ರೆಯೊಂದರ ಮೂರನೆಯ ಮಹಡಿಯಲ್ಲಿ ತಾರ್ಮಿನಿಯಮ್ಮ, ಅಲ್ಲಿನವರ ಬಾಯಲ್ಲಿ ಬು ತಾರ್ಮಿನಿ, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಕಪಾಟಿನಷ್ಟು ಎತ್ತರದ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ವಾರ್ಡುಗಳಿಂದ ಬಂದ ಪಥ್ಯದ ಸೂಚನೆಗಳನ್ನು ಓದಿ, ಅಡುಗೆಮನೆಗೆ ಹೋಗುವ ಚೀಟಿಗಳಿಗಾಗಿ ಟೈಪ್ ಮಾಡುತ್ತಾರೆ. ಪ್ರತಿ ಸೂಚನೆಗೂ ಎಂಬತ್ತು ಅಕ್ಷರಗಳ ಜಾಗ. ಮಾತು ಎಲ್ಲೇ ಮುಗಿಯಲಿ, ಎಂಬತ್ತನೆಯ ಮನೆಗೆ ಹೋಗಿ ಒಂದು ಚುಕ್ಕಿ ಇಡುತ್ತಾರೆ. ಇನ್ನೂರ ಹನ್ನೆರಡು ರೋಗಿಗಳು, ಇನ್ನೂರ ಹನ್ನೆರಡು ಚುಕ್ಕಿಗಳು.

"ಈ ಯಂತ್ರಕ್ಕೆ ಖಾಲಿ ಜಾಗ ಕಂಡ್ರೆ ಆಗಲ್ಲ," ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ. "ನಾನೇ ಎದುರು ಕೂತು ಒಂದೊಂದೇ ಚೀಟಿ ಮಾಡಿಸಿದ್ರೆ ಸುಮ್ನಿರುತ್ತೆ. ಎಲ್ಲಾನೂ ಒಟ್ಟಿಗೆ ಸಾಲಿಗೆ ಹಚ್ಚಿ, ನೀನೇ ಮಾಡ್ಕೋ ಅಂದ್ರೆ, ಕೊನೇಲಿರೋ ಖಾಲಿ ಜಾಗ ಕತ್ತರಿಸಿ ಬಿಸಾಕುತ್ತೆ. ಚೀಟಿ ಮಾಡೋ ಪ್ರೋಗ್ರಾಮಿಗೆ ಅದು ಗೊತ್ತಾ? ಎಂಬತ್ತು ಅಕ್ಷರ ಬೇಕು ಅಂತ ಪಕ್ಕದ ಸೂಚನೆಯಲ್ಲಿರೋದನ್ನೂ ಎಳ್ಕೊಳ್ಳುತ್ತೆ. ಒಬ್ಬರ ಬಾಲ ಇನ್ನೊಬ್ಬರಿಗೆ ಅಂಟುತ್ತೆ. ಚುಕ್ಕಿ ಇದ್ರೆ ಕತ್ತರಿಸೋಕೆ ಏನಿದೆ?"

ಈ ಉಪಾಯ ಅವರದೇ. ಇಪ್ಪತ್ತಾರು ವರ್ಷಗಳ ಹಿಂದೆ, ಗಂಡ ತೀರಿಹೋದ ವರ್ಷ, ಟೈಪಿಸ್ಟಾಗಿ ಸೇರಿದವರು ಮಗಳ ಶಾಲೆಯ ನಿಘಂಟು ಹಿಡಿದು ಇಂಗ್ಲಿಷ್ ಕೈಪಿಡಿ ಓದಿ ಕಂಡುಕೊಂಡದ್ದು.

ಇದು ಯಾರಿಗೂ ಗೊತ್ತಿಲ್ಲ. ಕಳೆದ ತಿಂಗಳ ವಾರ್ಷಿಕೋತ್ಸವದಲ್ಲಿ ಶಾಲು, ಫಲಕ ಎರಡೂ ಸಿಕ್ಕಿದ್ದು ಅಡುಗೆಮನೆಯ ಮುಖ್ಯಸ್ಥೆ ಬು ಹಾರ್ಸಿಗೆ. ಹನ್ನೆರಡು ವರ್ಷಗಳಲ್ಲಿ ಒಂದು ತಟ್ಟೆಯೂ ತಪ್ಪಿಲ್ಲವೆಂದು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ನಾನೂ ತಟ್ಟಿದೆ. ಹೊಟ್ಟೆ ಉರೀತಿತ್ತು," ತಾರ್ಮಿನಿ ಮುಚ್ಚಿಡುವುದಿಲ್ಲ. "ಅವಳ ಫೋಟೊ ಮೆಟ್ಟಿಲ ಹತ್ರಾನೇ ಹಾಕಿದ್ರು. ದಿನಾ ಹತ್ತುವಾಗ ನೋಡ್ಬೇಕು. ಹಲ್ಲು ಬೇರೆ ಕಿಸಿದಿದ್ದಾಳೆ!"

ಮರುದಿನ ಬೆಳಿಗ್ಗೆ ಅದೇ ಯೋಚನೆಯಲ್ಲಿ ಕೈ ತಪ್ಪಿತು. ಹದಿನಾಲ್ಕನೆಯ ಹಾಸಿಗೆಯ ಸಕ್ಕರೆ ಕಾಯಿಲೆಯ ಅಜ್ಜನ ಸೂಚನೆಗೆ ಚುಕ್ಕಿ ಬೀಳಲಿಲ್ಲ. ಆರು ಗಂಟೆಗೆ ಹಾರ್ಸಿ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ಒಂದು ಕೈಯಲ್ಲಿ ಚೀಟಿ: ‘ಅಕ್ಕಿಹಿಟ್ಟಿನ ಗಂಜಿ, ಸಕ್ಕರೆ ಬೇಡ, ಉಪ್ಪು ಕಡಿಮೆ ಬೆಲ್ಲದ ಪಾಕ ಹೆಚ್ಚಾಗಿ.’ ಇನ್ನೊಂದರಲ್ಲಿ ಶುಂಠಿ ಕಷಾಯದ ಲೋಟ.

"ಏನಮ್ಮಾ, ಅಜ್ಜನ್ನ ಮೇಲಕ್ಕೆ ಕಳಿಸ್ಬೇಕು ಅಂತಿದೀಯಾ?" ಎಂದರಂತೆ. ತಾರ್ಮಿನಿಯ ಮುಖ ಬಿಳಿಚಿದ್ದನ್ನು ಕಂಡು ದನಿ ತಗ್ಗಿಸಿದರು. "ಹುಷಾರಿಲ್ವಾ? ಮೊದಲು ಇದನ್ನ ಕುಡಿ. ತಟ್ಟೆ ತಡೆದಿದೀನಿ. ನಿನ್ನ ಚೀಟಿ ಅಂದ್ರೆ ನಾನು ಎರಡನೇ ಸಲ ಓದೋಳೇ ಅಲ್ಲ. ಇವತ್ತು ದೇವರೇ ಓದಿಸಿದ."

ಹಾರ್ಸಿ ಈ ವಿಷಯವನ್ನು ಮೇಲಿನವರಿಗೆ ಹೇಳಲಿಲ್ಲ. ತಾರ್ಮಿನಿ ತಾವೇ ಹೋಗಿ ಹೇಳಿಕೊಂಡರು, ಬೈಸಿಕೊಂಡರು.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳುತ್ತೇನೆ.

"ಎಲ್ಲಿಗೆ ಹೋಗುತ್ತೆ? ಈಗ ಇನ್ನೂ ಜಾಸ್ತಿ. ಫಲಕಾನೂ ಅವಳದೇ, ಒಳ್ಳೇತನಾನೂ ಅವಳದೇ!" ನಗುತ್ತಾರೆ. ಪರದೆಯತ್ತ ತಿರುಗಿ, ಮುಂದಿನ ಸೂಚನೆಗೆ ಚುಕ್ಕಿ ಇಟ್ಟ ಮೇಲೆ ಮೆಲ್ಲಗೆ ಹೇಳುತ್ತಾರೆ: "ಅವತ್ತಿಂದ ಅವಳು ನನ್ನ ಚೀಟಿಗಳನ್ನ ಎರಡೆರಡು ಸಲ ಓದ್ತಾಳಂತೆ. ನಂಗೆ ಶಾಲು ಬೇಡ. ಅವಳು ಮತ್ತೆ ಒಂದೇ ಸಲ ಓದೋ ಹಾಗಾದ್ರೆ ಸಾಕು."